ನಾಲ್ಕು ಟ್ರ್ಯಾಕಿನ ಹಳೆಯ ಕ್ಯಾಸೆಟ್ ರೆಕಾರ್ಡರನ್ನು ಮತ್ತೆ ನಡೆಸಿದ ಬಗೆ

ನನ್ನ ಬಳಿ ಇರುವ ಹನ್ನೊಂದು ಕ್ಯಾಸೆಟ್‌ಗಳನ್ನು ಮಾಮೂಲಿ ಟೇಪ್‌ರೆಕಾರ್ಡರಿನಲ್ಲಿ ಹಾಕಿ ಕೇಳುವಂತಿಲ್ಲ. ಹಾಕಿದರೆ ಎರಡು ವಾದ್ಯಗಳು ಅರ್ಧ ವೇಗದಲ್ಲಿ, ಒಂದು ಸ್ಥಾಯಿ ಕೆಳಗೆ, ಕುಂಭಕರ್ಣ ನಿದ್ದೆಗಣ್ಣಿನಲ್ಲಿ ಹಾಡಿದ ಹಾಗೆ ಕೇಳಿಸುತ್ತವೆ; ಮಗುಚಿ ಹಾಕಿದರೆ ಉಳಿದೆರಡು ಕೊನೆಯಿಂದ ಮೊದಲಿಗೆ ಓಡುತ್ತವೆ. ಇದು ಕ್ಯಾಸೆಟ್ಟಿನ ದೋಷವಲ್ಲ. 1963ರಲ್ಲಿ ಫಿಲಿಪ್ಸ್ ಕಂಪನಿ ಹೊರತಂದ ಕ್ಯಾಸೆಟ್ಟಿನ ಟೇಪು 3.81 ಮಿಲಿಮೀಟರ್ ಅಗಲದ್ದು, ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ ಸಾಗುವಂಥದ್ದು. ಸ್ಟೀರಿಯೊ ಕ್ಯಾಸೆಟ್ಟಿನಲ್ಲಿ ಆ ಅಗಲದ ಅರ್ಧ ಒಂದು ಬದಿಯ ಎಡಬಲಗಳಿಗೆ, ಉಳಿದರ್ಧ ಇನ್ನೊಂದು ಬದಿಯ ಎಡಬಲಗಳಿಗೆ. 1979ರಲ್ಲಿ ಟಿಯಾಕ್ ಕಂಪನಿ ಪೋರ್ಟಾಸ್ಟುಡಿಯೊ 144 ಎಂಬ ಯಂತ್ರವನ್ನು ತಂದಾಗ ತೋರಿದ ಜಾಣತನವೆಂದರೆ, ಟ್ರ್ಯಾಕ್ ಎನ್ನುವ ಆ ನಾಲ್ಕೂ ಪಟ್ಟಿಗಳನ್ನು ಒಂದೇ ದಿಕ್ಕಿನಲ್ಲಿ ಓಡಿಸಿ, ಬೇಕಾದ ಪಟ್ಟಿಯ ಮೇಲೆ ಬೇಕಾದಾಗ ಬರೆಯುವಂತೆ ಮಾಡಿದ್ದು, ಟೇಪಿನ ವೇಗವನ್ನು 9.5 ಸೆಂಟಿಮೀಟರಿಗೆ ಏರಿಸಿದ್ದು, ಜೊತೆಗೆ ಪುಟ್ಟದೊಂದು ಮಿಕ್ಸರನ್ನೂ ಡಾಲ್ಬಿ ಎಂಬ ಗದ್ದಲ ತಗ್ಗಿಸುವ ಸರ್ಕ್ಯೂಟನ್ನೂ ಅದೇ ಪೆಟ್ಟಿಗೆಯಲ್ಲಿ ಕೂರಿಸಿದ್ದು. ನನ್ನ ಮೊದಲ ರೆಕಾರ್ಡರು ಆ ಕುಲದ್ದೇ, ಆದರೆ ಬೇರೆ ತಯಾರಕರದು. ಅದು ಮತ್ತೆ ಓಡದ ಹೊರತು ಆ ಹನ್ನೊಂದು ಕ್ಯಾಸೆಟ್‌ಗಳು ಬರಿಯ ಪ್ಲಾಸ್ಟಿಕ್ ಡಬ್ಬಿಗಳು. ಆದ್ದರಿಂದ ಯಂತ್ರವನ್ನು ಬಿಚ್ಚಿದೆ. ಬಿಚ್ಚಿದ್ದನ್ನೂ ಜೋಡಿಸಿದ್ದನ್ನೂ, ನಡುವೆ ಕೆಡಿಸಿದ್ದನ್ನೂ ಇಲ್ಲಿ ಬರೆದಿಟ್ಟಿದ್ದೇನೆ.

ಬೆಲ್ಟು

ಸ್ವಿಚ್ ಒತ್ತಿದಾಗ ಮೀಟರುಗಳ ದೀಪ ಹೊತ್ತಿತು. ಪ್ಲೇ ಗುಂಡಿ ಒತ್ತಿದಾಗ ಮೋಟಾರು ತಿರುಗುವ ಸದ್ದೂ ಬಂತು, ಆದರೆ ಕ್ಯಾಸೆಟ್ಟಿನ ಚಕ್ರಗಳು ಅಲುಗಲಿಲ್ಲ. ಮೋಟಾರು ಓಡುತ್ತಿದ್ದು ಚಕ್ರ ನಿಂತಿದ್ದರೆ ಅನುಮಾನ ಬೆಲ್ಟಿನ ಮೇಲೆಯೇ ಹೋಗಬೇಕು, ಮತ್ತು ಅದು ಸುಳ್ಳಾಗಲಿಲ್ಲ. ತಳದ ಮುಚ್ಚಳ ತೆಗೆದು ಮೆಕ್ಯಾನಿಸಮ್ಮಿನ ಹಿಂಬದಿಯ ತಗಡನ್ನು ಎತ್ತಿದಾಗ, ವೇಗವನ್ನು ಸಮವಾಗಿಡುವ ಭಾರದ ಗಾಲಿಯಾದ ಫ್ಲೈವ್ಹೀಲಿನ ಸುತ್ತ ಇರಬೇಕಾಗಿದ್ದ ಚಪ್ಪಟೆ ರಬ್ಬರ್ ಬೆಲ್ಟು ಬಿಸಿಲಿಗೆ ಬಿದ್ದ ಡಾಂಬರಿನಂತೆ ಕರಗಿ, ಅರ್ಧ ಪುಲ್ಲಿಗೆ ಅಂಟಿಕೊಂಡು, ಇನ್ನರ್ಧ ತಗಡಿನ ಮೇಲೆ ಎಳೆಎಳೆಯಾಗಿ ಬಿದ್ದಿತ್ತು. ಬರಿಗೈಯಲ್ಲಿ ಮುಟ್ಟಬಾರದಿತ್ತು, ಮುಟ್ಟಿದೆ. ಆ ಕಪ್ಪು ಅಂಟು ಬೆರಳಿನಿಂದ ಸ್ಕ್ರೂಡ್ರೈವರಿಗೆ, ಸ್ಕ್ರೂಡ್ರೈವರಿನಿಂದ ಫೇಡರುಗಳ, ಅಂದರೆ ಸದ್ದು ಏರಿಳಿಸುವ ಜಾರುಗುಂಡಿಗಳ, ಬಿಳಿ ಟೋಪಿಗಳಿಗೆ ಹತ್ತಿ, ಅದನ್ನು ಬಿಡಿಸುವುದೇ ಬೇರೊಂದು ಕೆಲಸವಾಯಿತು.

ಶುಚಿಗೆ ಬೇಕಾದದ್ದು ಐಸೊಪ್ರೊಪೈಲ್ ಆಲ್ಕೊಹಾಲ್, ಹತ್ತಿಯ ಕಡ್ಡಿಗಳು ಮತ್ತು ತಾಳ್ಮೆ. ಥಿನ್ನರು ಬೇಗ ಕೆಲಸ ಮಾಡುತ್ತದೆ, ಆದರೆ ಸುತ್ತಲಿನ ಪ್ಲಾಸ್ಟಿಕ್ಕನ್ನೂ ತಿನ್ನುತ್ತದೆ. ಪುಲ್ಲಿಯ ತೋಡಿನಲ್ಲಿ ಎಳ್ಳಿನಷ್ಟು ಅಂಟು ಉಳಿದರೂ ಹೊಸ ಬೆಲ್ಟು ಪ್ರತಿ ಸುತ್ತಿಗೊಮ್ಮೆ ಅಲ್ಲಿ ಎಡವುತ್ತದೆ, ಮತ್ತು ಆ ಎಡವಿಕೆ ನೀಳವಾದ ಸ್ವರದಲ್ಲಿ ನಡುಕವಾಗಿ ಕೇಳಿಸುತ್ತದೆ. ಹೀಗಾಗಿ ಕಡ್ಡಿಯ ಹತ್ತಿ ಬೆಳ್ಳಗೇ ಹೊರಬರುವ ತನಕ ಉಜ್ಜಿದೆ.

ಹೊಸ ಬೆಲ್ಟಿನ ಅಳತೆಯನ್ನು ದಾರದಿಂದ ತೆಗೆದೆ. ಬೆಲ್ಟು ಸಾಗುವ ದಾರಿಯುದ್ದಕ್ಕೂ ಹೊಲಿಗೆಯ ದಾರವನ್ನು ಸುತ್ತಿ, ಸೇರುವಲ್ಲಿ ಪೆನ್ನಿನಿಂದ ಗುರುತು ಹಾಕಿ, ಬಿಚ್ಚಿ ಅಳೆದಾಗ 238 ಮಿಲಿಮೀಟರ್ ಬಂತು. ರಬ್ಬರು ಸ್ವಲ್ಪ ಹಿಗ್ಗಿ ಕೂರಬೇಕಾದ್ದರಿಂದ ಅದರಲ್ಲಿ ನೂರಕ್ಕೆ ಐದರಷ್ಟು ಕಳೆಯಬೇಕು, ಅಂದರೆ ಸುಮಾರು 226. ನಾನು ಬಿಗಿಯಾಗಿದ್ದರೆ ಒಳ್ಳೆಯದೆಂದು ಮೊದಲು 210ರದನ್ನು ಹಾಕಿದೆ. ಯಂತ್ರ ಓಡಿತು, ಮನಸ್ಸಿಗೆ ಹಬ್ಬವೂ ಆಯಿತು. ಆದರೆ ಅರ್ಧ ಗಂಟೆಯಲ್ಲಿ ಮೋಟಾರಿನ ಮೈ ಬಿಸಿಯಾಯಿತು, ಗಿಟಾರಿನ ನೀಳ ಸ್ವರಗಳು ನೀರಿನೊಳಗಿಂದ ಬಂದಂತೆ ಅಲುಗಿದವು. ಬಿಗಿ ಬೆಲ್ಟು ಮೋಟಾರಿನ ಅಚ್ಚನ್ನು ಪಕ್ಕಕ್ಕೆ ಎಳೆದು ಬೇರಿಂಗಿನ ಮೇಲೆ ಭಾರ ಹಾಕುತ್ತದೆ. 226ರದು ಬಂದ ಮೇಲೆ ಅಲುಗಾಟ ನಿಂತಿತು. ಫ್ಲೈವ್ಹೀಲನ್ನು ಹೊರತೆಗೆದಿದ್ದಾಗಲೇ ಅದರ ಅಚ್ಚಿಗೆ ತೆಳುವಾದ ಎಣ್ಣೆಯ ಒಂದೇ ಒಂದು ತೊಟ್ಟು ಬಿಟ್ಟು, ಸುತ್ತಲಿನದನ್ನು ಒರೆಸಿ ತೆಗೆದೆ. ಎರಡನೆಯ ತೊಟ್ಟಿಗೆ ಆಸೆಪಟ್ಟರೆ ಅದು ಬೆಲ್ಟಿಗೆ ಹರಿಯುತ್ತದೆ.

ನಾಲ್ಕನೆಯ ಕ್ಯಾಸೆಟ್ಟಿಗಾದದ್ದು

ಖಾಲಿ ಕ್ಯಾಸೆಟ್ಟಿನ ಮೇಲೆ ಒಂದು ಗಂಟೆ ಪರೀಕ್ಷಿಸಿ, ಎಲ್ಲವೂ ಸರಿಯಿದೆಯೆಂಬ ಧೈರ್ಯದಲ್ಲಿ ಹಳೆಯ ಕ್ಯಾಸೆಟ್‌ಗಳನ್ನು ಹಾಕಲು ತೊಡಗಿದೆ. ಮೊದಲ ಮೂರು ಸುಸೂತ್ರವಾಗಿ ಓಡಿದವು. ನಾಲ್ಕನೆಯದರಲ್ಲಿ, ಹಾಡಿನ ಎರಡನೆಯ ಚರಣದ ಮೊದಲ ಮಾತಿಗೆ ಸದ್ದು ಮಸುಕಾಯಿತು, ನಂತರ ಚರ್ರೆಂದಿತು. ನಿಲ್ಲಿಸಿ ಬಾಗಿಲು ತೆರೆದರೆ ಟೇಪು ತನ್ನನ್ನು ಒತ್ತಿ ಹಿಡಿಯುವ ರಬ್ಬರ್ ಉರುಳೆಗೆ, ಅಂದರೆ ಪಿಂಚ್ ರೋಲರಿಗೆ, ಸುತ್ತಿಕೊಂಡು, ಮಡಿಕೆ ಮಡಿಕೆಯಾಗಿ ಒಳಗೆ ಇಳಿದಿತ್ತು.

ಪಿಂಚ್ ರೋಲರು ಅಂಟಾಗಿದೆ ಎಂಬುದು ನನ್ನ ಮೊದಲ ತೀರ್ಮಾನ. ಅದರ ಮೈ ಗಾಜಿನಂತೆ ನಯವಾಗಿ ಹೊಳೆಯುತ್ತಿದ್ದುದು ನಿಜ, ಅದನ್ನು ಬದಲಿಸಿದ್ದೂ ಸರಿಯೇ. ಆದರೆ ಟೇಪನ್ನು ತಿಂದದ್ದು ಅದಲ್ಲ. ಕ್ಯಾಪ್‌ಸ್ಟನ್ನು ಎಂಬ ತಿರುಗುವ ಲೋಹದ ಕಡ್ಡಿ ಮತ್ತು ಪಿಂಚ್ ರೋಲರು ಸೇರಿ ಟೇಪನ್ನು ಸಮವೇಗದಲ್ಲಿ ಮುಂದೆ ನೂಕುತ್ತಲೇ ಇರುತ್ತವೆ. ನೂಕಿದ್ದನ್ನು ಬಲಗಡೆಯ ಚಕ್ರ ತಕ್ಷಣ ಸುತ್ತಿಕೊಳ್ಳಬೇಕು. ಆ ಚಕ್ರವನ್ನು ತಿರುಗಿಸುವ ಪುಟ್ಟ ಗಾಲಿಯ ರಬ್ಬರು ಗಟ್ಟಿಯಾಗಿ ಹಿಡಿತ ಕಳೆದುಕೊಂಡಿತ್ತು. ಖಾಲಿ ಕ್ಯಾಸೆಟ್ಟು ಹೊಸದಾದ್ದರಿಂದ ಹಗುರವಾಗಿ ಸುತ್ತಿತ್ತು, ಹಳೆಯದು ಒಳಗೇ ಬಿಗಿಯಾಗಿತ್ತು, ಚಕ್ರ ಜಾರಿತು, ನೂಕಿದ ಟೇಪಿಗೆ ಹೋಗಲು ಜಾಗವಿಲ್ಲದೆ ರೋಲರಿಗೇ ಸುತ್ತಿಕೊಂಡಿತು. ಪ್ಲೇ ಒತ್ತಿ, ಬಲಚಕ್ರವನ್ನು ಬೆರಳಿನಿಂದ ಮೆಲ್ಲಗೆ ತಡೆದು ನೋಡಿದ್ದರೆ ಅದು ಎಷ್ಟು ಸುಲಭವಾಗಿ ನಿಲ್ಲುತ್ತದೆ ಎಂಬುದು ಹತ್ತು ಸೆಕೆಂಡಿನಲ್ಲಿ ಗೊತ್ತಾಗುತ್ತಿತ್ತು. ಈ ಇಡೀ ಕೆಲಸದಲ್ಲಿ ನನಗೆ ಹೀಗೆಯೇ ಆಗುತ್ತ ಬಂದಿದೆ: ಸದ್ದು ಕೆಟ್ಟ ಜಾಗವನ್ನು ನೋಡುತ್ತ ಕೂತಿರುತ್ತೇನೆ, ಕೆಡುಕು ಅದಕ್ಕಿಂತ ಒಂದು ಮನೆ ಹಿಂದೆ ಇರುತ್ತದೆ.

ಸುಕ್ಕಾದದ್ದು ಸುಮಾರು ಒಂದು ಗೇಣು ಟೇಪು. ಸೆಕೆಂಡಿಗೆ 9.5 ಸೆಂಟಿಮೀಟರಿನ ಲೆಕ್ಕದಲ್ಲಿ ಅದು ಎರಡು ಸೆಕೆಂಡಿಗಿಂತ ತುಸು ಹೆಚ್ಚು. ಮಾಮೂಲಿ ವೇಗದ ಟೇಪಾಗಿದ್ದರೆ ಇದರ ಇಮ್ಮಡಿ ಹಾಡು ಹಾಳಾಗುತ್ತಿತ್ತು ಎಂದು ಸಮಾಧಾನ ಮಾಡಿಕೊಂಡೆ. ಮೆತ್ತನೆಯ ಬಟ್ಟೆಯ ಮೇಲೆ ಅದನ್ನು ಹರಡಿ, ಬಟ್ಟೆ ಸುತ್ತಿದ ಬೆರಳಿನಿಂದ ಸವರಿ, ಆರು ಮೂಲೆಯ ಪೆನ್ಸಿಲನ್ನು ಚಕ್ರದೊಳಗೆ ತೂರಿಸಿ ನಿಧಾನವಾಗಿ ಸುತ್ತಿದೆ. ನಾಲ್ಕು ಟ್ರ್ಯಾಕುಗಳಲ್ಲಿ ಟೇಪಿನ ಅಂಚಿನಲ್ಲಿದ್ದ ಒಂದನೆಯದಕ್ಕೆ ಪೆಟ್ಟು ಹೆಚ್ಚು. ನಡುವಿನ ಎರಡು ಮತ್ತು ಮೂರು ಹೆಚ್ಚು ಕಡಿಮೆ ಉಳಿದವು. ನನ್ನ ಪುಣ್ಯಕ್ಕೆ ಹಾಡು ಇದ್ದದ್ದು ಮೂರರಲ್ಲಿ.

ವೇಗ

ಮೋಟಾರಿನ ಬೆನ್ನಿನಲ್ಲಿ ಒಂದು ಸಣ್ಣ ರಂಧ್ರ ಇರುತ್ತದೆ. ಅದರೊಳಗೆ ತೆಳುವಾದ ಸ್ಕ್ರೂಡ್ರೈವರು ಹಾಕಿ ತಿರುಗಿಸಿದರೆ ವೇಗ ಹೆಚ್ಚುಕಡಿಮೆಯಾಗುತ್ತದೆ. ಅಳೆಯಲು 3000 ಹರ್ಟ್ಜ್ ಸ್ವರ ದಾಖಲಾದ ಪರೀಕ್ಷಾ ಕ್ಯಾಸೆಟ್ಟನ್ನು ಬಳಸಿದೆ. ಅದು ಮಾಮೂಲಿ ವೇಗಕ್ಕೆ ಮಾಡಿದ್ದಾದ್ದರಿಂದ ಇಮ್ಮಡಿ ವೇಗದ ನನ್ನ ಯಂತ್ರದಲ್ಲಿ 6000 ಹರ್ಟ್ಜ್ ತೋರಿಸಬೇಕು. ತೋರಿಸಿದ್ದು 5870. ನೂರಕ್ಕೆ ಎರಡು ಚಿಲ್ಲರೆ ಕಡಿಮೆ ಎಂದರೆ ಕೇಳಲು ಸಣ್ಣದು, ಆದರೆ ಒಂದು ಸ್ವರಕ್ಕೂ ಪಕ್ಕದ ಅರ್ಧಸ್ವರಕ್ಕೂ ಇರುವ ಅಂತರವೇ ನೂರಕ್ಕೆ ಆರರ ಆಸುಪಾಸು. ಅಂದರೆ ಶ್ರುತಿ ಅರ್ಧಸ್ವರದ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಇಳಿದಿತ್ತು. ಕೂದಲೆಳೆಯಷ್ಟು ತಿರುಗಿಸಿದರೂ ಅಂಕಿ ಹಾರುತ್ತದೆ, ಆದ್ದರಿಂದ ಯಂತ್ರ ಕಾಲು ಗಂಟೆ ಓಡಿ ಬೆಚ್ಚಗಾದ ಮೇಲೆಯೇ ಕೈ ಹಾಕಬೇಕು. 5995ಕ್ಕೂ 6005ಕ್ಕೂ ನಡುವೆ ಆಡುವ ಹಾಗೆ ನಿಲ್ಲಿಸಿದೆ.

ಇಷ್ಟಾದ ಮೇಲೆ ಕ್ಯಾಸೆಟ್‌ಗಳು ಸರಿಯಾದ ಶ್ರುತಿಯಲ್ಲಿ ಬರಬೇಕಲ್ಲವೇ, ಬರಲಿಲ್ಲ. ಯಂತ್ರ ಈಗ ಸರಿಯಿದೆ, ಆದರೆ ಅಂದು ರೆಕಾರ್ಡು ಮಾಡಿದಾಗ ಅದು ಸರಿಯಿತ್ತೆಂದು ಹೇಳಿದವರು ಯಾರು? ಅದೂ ಅಲ್ಲದೆ ಇಂಥ ಯಂತ್ರಗಳಲ್ಲಿ ಪಿಚ್ ಕಂಟ್ರೋಲ್ ಎಂಬ ಗುಂಡಿ ಇರುತ್ತದೆ. ಮೇಲಿನ ಸ್ವರ ಗಂಟಲಿಗೆ ಎಟುಕದಿದ್ದಾಗ ಟೇಪನ್ನು ನಿಧಾನಿಸಿ ಹಾಡಿ, ನಂತರ ವೇಗವನ್ನು ಮೇಲಕ್ಕೆ ತಂದ ಕಳ್ಳಾಟ ನನ್ನದೇ. ಹೀಗಾಗಿ ಪ್ರತಿ ಹಾಡಿಗೂ ಗಿಟಾರಿನ ತೆರೆದ ತಂತಿ ಕೇಳಿಸುವ ಒಂದು ಜಾಗವನ್ನು ಹುಡುಕಿ, ಟ್ಯೂನರನ್ನು ಎದುರಿಗಿಟ್ಟು, ಆ ಗುಂಡಿಯಿಂದಲೇ ಹೊಂದಿಸಿಕೊಂಡೆ.

ಹೆಡ್ಡಿನ ಪಕ್ಕದ ಸ್ಕ್ರೂ

ಟೇಪಿನ ಮೇಲೆ ಬರೆಯುವ ಮತ್ತು ಅದನ್ನು ಓದುವ ಹೆಡ್ಡನ್ನು ಆಲ್ಕೊಹಾಲಿನಿಂದ ಒರೆಸಿ, ಡಿಮ್ಯಾಗ್ನೆಟೈಸರಿನಿಂದ ಅದರ ಕಾಂತತ್ವವನ್ನು ತೆಗೆದೆ. ಯಂತ್ರದ ವಿದ್ಯುತ್ತನ್ನು ಆರಿಸಿ, ಕ್ಯಾಸೆಟ್‌ಗಳನ್ನೆಲ್ಲ ದೂರವಿಟ್ಟು, ದೂರದಲ್ಲೇ ಸ್ವಿಚ್ ಹಾಕಿದ ಕಡ್ಡಿಯನ್ನು ನಿಧಾನವಾಗಿ ಹತ್ತಿರ ತಂದು, ಅಷ್ಟೇ ನಿಧಾನವಾಗಿ ಒಂದು ತೋಳಿನಷ್ಟು ದೂರ ಒಯ್ದು, ಆಮೇಲೆ ಸ್ವಿಚ್ ಆರಿಸಬೇಕು. ಹೆಡ್ಡಿನ ಬಳಿಯೇ ಆರಿಸಿದರೆ ಹೆಡ್ಡಿಗೆ ಮೊದಲಿಗಿಂತ ಹೆಚ್ಚು ಕಾಂತತ್ವ ಹತ್ತುತ್ತದೆ.

ಹೆಡ್ಡಿನ ಓರೆಯನ್ನು ಹೊಂದಿಸುವ, ಅಜಿಮತ್ ಎಂದು ಕರೆಯುವ ಸ್ಕ್ರೂವಿಗೆ ಕೈ ಹಚ್ಚುವ ಯೋಚನೆ ನನಗಿರಲಿಲ್ಲ. ಇದೇ ಹೆಡ್ಡಿನಿಂದ ಬರೆದ ಟೇಪನ್ನು ಇದೇ ಹೆಡ್ಡು ಓದುತ್ತದೆ. ಹೆಡ್ಡು ಎಷ್ಟು ಓರೆಯಾಗಿದ್ದರೂ ಬರಹವೂ ಅಷ್ಟೇ ಓರೆಯಾಗಿರುವುದರಿಂದ ಎರಡೂ ಒಂದಕ್ಕೊಂದು ಸರಿಹೋಗಬೇಕು. ಈ ತರ್ಕ ಐದನೆಯ ಕ್ಯಾಸೆಟ್ಟಿನಿಂದ ಹನ್ನೊಂದನೆಯದರ ತನಕ ಸರಿಯಾಗಿಯೇ ಇತ್ತು. ಮೊದಲ ನಾಲ್ಕು ಮಾತ್ರ ಕಂಬಳಿ ಹೊದ್ದಂತೆ ಮಂಕಾಗಿದ್ದವು. ಟೇಪಿಗೆ ವಯಸ್ಸಾಗಿದೆ, ಮೇಲಿನ ಧ್ವನಿಗಳು ಅಳಿಸಿಹೋಗಿವೆ ಎಂದುಕೊಂಡು ಒಂದು ದಿನ ಹಾಗೆಯೇ ಬಿಟ್ಟೆ. ಮರುದಿನ ಭೂತಗನ್ನಡಿಯಲ್ಲಿ ಹೆಡ್ಡಿನ ಸವೆತವನ್ನು ನೋಡುವಾಗ ಅಜಿಮತ್ ಸ್ಕ್ರೂವಿನ ತಲೆ ಕಣ್ಣಿಗೆ ಬಿತ್ತು. ತಯಾರಕರು ಅದು ಅಲುಗದಿರಲೆಂದು ಹಾಕಿದ್ದ ಕೆಂಪು ಮೇಣ ಒಡೆದಿತ್ತು, ತಲೆಯ ಸೀಳಿನಲ್ಲಿ ಸ್ಕ್ರೂಡ್ರೈವರು ಜಾರಿದ ಗೀರು ಇತ್ತು. ಆಗ ನೆನಪಾಯಿತು: ಹೊಸದರಲ್ಲಿ, ಬೇರೊಬ್ಬರ ಕ್ಯಾಸೆಟ್ಟು ಮಂಕಾಗಿ ಕೇಳಿಸಿತೆಂದು, ಸ್ಕ್ರೂ ಯಾತಕ್ಕಿದೆಯೆಂದೂ ತಿಳಿಯದೆ ತಿರುವಿದವನು ನಾನೇ. ಮೊದಲ ನಾಲ್ಕು ಕ್ಯಾಸೆಟ್‌ಗಳು ತಿರುವುವ ಮೊದಲಿನವು, ಉಳಿದವು ಆಮೇಲಿನವು.

ಆದ್ದರಿಂದ ಹೊಂದಿಸಬೇಕಾದದ್ದು ಯಾವುದೋ ಆದರ್ಶ ಓರೆಗಲ್ಲ, ಆ ನಾಲ್ಕು ಕ್ಯಾಸೆಟ್‌ಗಳ ಓರೆಗೆ. ಸ್ಕ್ರೂ ಈಗ ನಿಂತಿರುವ ದಿಕ್ಕನ್ನು ಕಾಗದದ ಮೇಲೆ ಗಡಿಯಾರದ ಮುಳ್ಳಿನಂತೆ ಬರೆದುಕೊಂಡು, ಖಂಜರಿಯ ಝಲ್ಲರಿ ಕೇಳಿಸುವ ಅಂಚಿನ ಟ್ರ್ಯಾಕೊಂದನ್ನು ಹೆಡ್‌ಫೋನಿನಲ್ಲಿ ಕೇಳುತ್ತ, ಒಂದು ಸುತ್ತಿನ ಎಂಟನೆಯ ಒಂದು ಪಾಲಿನಷ್ಟು ತಿರುಗಿಸಿದೆ. ಮೊದಲು ಇನ್ನೂ ಮಂಕಾಯಿತು. ಹಿಂದಕ್ಕೆ ತಂದು ಆಚೆ ಕಡೆಗೆ ತಿರುಗಿಸಿದಾಗ, ಒಂದು ಬಿಂದುವಿನಲ್ಲಿ, ಕಿಟಕಿಯ ಪರದೆ ಸರಿಸಿದ ಹಾಗೆ ಝಲ್ಲರಿಯ ತಗಡುಗಳು ಬಿಡಿಬಿಡಿಯಾಗಿ ಕೇಳಿಸತೊಡಗಿದವು. ಆ ನಾಲ್ಕನ್ನು ಅಲ್ಲಿಯೇ ಕಂಪ್ಯೂಟರಿಗೆ ಇಳಿಸಿ, ಸ್ಕ್ರೂವನ್ನು ಕಾಗದದ ಗುರುತಿಗೆ ಮರಳಿಸಿದೆ.

ಹೆಡ್ಡಿನ ಶುಚಿಯ ಬಗ್ಗೆ ಇಷ್ಟು ಕಟ್ಟುನಿಟ್ಟಾಗಲು ನನ್ನ ಯಂತ್ರದಲ್ಲಿರುವ ಡಿಬಿಎಕ್ಸ್ ಎಂಬ ಗದ್ದಲ ತಗ್ಗಿಸುವ ಸರ್ಕ್ಯೂಟು ಒಂದು ಕಾರಣ. ಅದು ದಾಖಲಿಸುವಾಗ ಸದ್ದಿನ ಏರಿಳಿತವನ್ನು ಎರಡಕ್ಕೆ ಒಂದರಂತೆ ಅದುಮಿ, ಓದುವಾಗ ಒಂದಕ್ಕೆ ಎರಡರಂತೆ ಹಿಗ್ಗಿಸುತ್ತದೆ. ನಡುವೆ ಟೇಪು ಸೇರಿಸಿದ ಸುಯ್ಯೆನ್ನುವ ಸದ್ದು ಹಿಗ್ಗುವಿಕೆಯಲ್ಲಿ ಕೆಳಗೆ ಬೀಳುತ್ತದೆ. ಆದರೆ ಹಿಗ್ಗಿಸುವ ಸರ್ಕ್ಯೂಟಿಗೆ ಸಂಗೀತವಾವುದು, ದೋಷವಾವುದು ಎಂದು ತಿಳಿಯದು. ಕೊಳಕಿನಿಂದ ಎರಡು ಡೆಸಿಬೆಲ್ ಇಳಿದರೆ ಕೇಳುವಾಗ ಅದು ನಾಲ್ಕಾಗುತ್ತದೆ. ನಾನು ಹಿಂದೆ ಬಾಸ್ ಗಿಟಾರು ಒಂದೇ ಇರುವಲ್ಲಿ ಪ್ರತಿ ಮೀಟಿಗೂ ಸುಯ್ಯೆಂಬ ಉಸಿರು ಕೇಳಿ ಇಡೀ ಡಿಬಿಎಕ್ಸನ್ನೇ ಬೈದಿದ್ದೆ. ಬೈಗುಳದಲ್ಲಿ ಅರ್ಧ ಈಗಲೂ ನ್ಯಾಯವೇ, ಏಕೆಂದರೆ ಕೆಳಗಿನ ಸ್ವರ ಮೇಲಿನ ಗದ್ದಲವನ್ನು ಮುಚ್ಚಲಾರದು. ಉಳಿದರ್ಧ ಕೊಳೆಯಾದ ಹೆಡ್ಡಿಗೆ ಸಲ್ಲಬೇಕಿತ್ತು.

ಫೇಡರು, ಗುಂಯ್‌ಗುಟ್ಟುವಿಕೆ ಇತ್ಯಾದಿ

ಫೇಡರುಗಳೂ ಗುಂಡಿಗಳೂ ಕರಕರ ಎನ್ನುತ್ತಿದ್ದವು. ಎಣ್ಣೆಯಂಶವುಳ್ಳ ಕಾಂಟ್ಯಾಕ್ಟ್ ಕ್ಲೀನರನ್ನು ಸಣ್ಣಗೆ ಸಿಂಪಡಿಸಿ ಇಪ್ಪತ್ತು ಸಲ ಮೇಲೆ ಕೆಳಗೆ ಆಡಿಸಿದಾಗ ಒಂದರ ಹೊರತು ಎಲ್ಲವೂ ಸುಮ್ಮನಾದವು. ಹಿನ್ನೆಲೆಯ ಗುಂಯ್ ಸದ್ದಿಗೆ ಪವರ್ ಸಪ್ಲೈನಲ್ಲಿ ತಲೆ ಉಬ್ಬಿದ್ದ 2200 ಮೈಕ್ರೊಫ್ಯಾರಡ್ ಕೆಪಾಸಿಟರು ಕಾರಣವಾಗಿತ್ತು. ಪ್ಲಗ್ ಕಿತ್ತು, ಅದರಲ್ಲಿ ಉಳಿದ ವಿದ್ಯುತ್ತು ಇಳಿದಿದೆಯೇ ಎಂದು ಮಲ್ಟಿಮೀಟರಿನಲ್ಲಿ ನೋಡಿ, 25 ವೋಲ್ಟಿನದರ ಜಾಗದಲ್ಲಿ 35 ವೋಲ್ಟಿನದನ್ನು, ಋಣ ತುದಿ ತಪ್ಪದಂತೆ, ಬೆಸುಗೆ ಹಾಕಿದೆ.

ನಡುವೆ ಕೊಂಡ ಎಂಟು ಟ್ರ್ಯಾಕು

ಈ ಯಂತ್ರ ಮೂಲೆ ಸೇರಿದ್ದು ಕೆಟ್ಟದ್ದರಿಂದಲ್ಲ, ಟ್ರ್ಯಾಕು ಸಾಲದೆಂದು. ನಾಲ್ಕರಲ್ಲಿ ಹೆಚ್ಚು ವಾದ್ಯ ತುಂಬಲು ಒಂದು ಹಳೆಯ ಉಪಾಯವಿತ್ತು: ಮೂರನ್ನು ತುಂಬಿ, ಅವನ್ನು ಬೆರೆಸಿ ನಾಲ್ಕನೆಯದಕ್ಕೆ ಇಳಿಸುವಾಗಲೇ ಇನ್ನೊಂದನ್ನು ನೇರವಾಗಿ ನುಡಿಸಿ ಸೇರಿಸುವುದು, ಖಾಲಿಯಾದ ಮೂರರಲ್ಲಿ ಎರಡನ್ನು ತುಂಬಿ, ಮತ್ತೊಂದನ್ನು ನುಡಿಸುತ್ತ ಮೂರನೆಯದಕ್ಕೆ ಇಳಿಸುವುದು, ಹೀಗೆಯೇ ಮುಂದುವರಿದರೆ ನಾಲ್ಕು, ಮೂರು, ಎರಡು, ಒಂದು, ಒಟ್ಟು ಹತ್ತು ವಾದ್ಯಗಳು. ಲೆಕ್ಕ ಚೆನ್ನಾಗಿದೆ. ಆದರೆ ಇಳಿಸಿದ್ದನ್ನು ಮತ್ತೆ ಬಿಡಿಸಲಾಗದು, ಮತ್ತು ಎರಡನೆಯ ತಲೆಮಾರಿನ ಪ್ರತಿಯಲ್ಲಿ ಮೇಲಿನ ಧ್ವನಿ ಸವೆದು ಗದ್ದಲ ಏರಿರುತ್ತದೆ. ನನ್ನ ಏಳನೆಯ ಕ್ಯಾಸೆಟ್ಟಿನಲ್ಲಿ ಕೊಳಲು ಡ್ರಮ್ಮಿನಡಿ ಹೂತುಹೋಗಿದೆ. ಎರಡೂ ಒಂದೇ ಟ್ರ್ಯಾಕಿನಲ್ಲಿರುವುದರಿಂದ ಯಾವ ರಿಪೇರಿಯೂ ಅದನ್ನು ಎತ್ತಲಾರದು. ಇನ್ನೊಂದು ಕ್ಯಾಸೆಟ್ಟಿನಲ್ಲಿ ನಾಲ್ಕನೆಯ ಟ್ರ್ಯಾಕು ಕೀರಲು ಸದ್ದು ಮಾಡುತ್ತದೆ. ಕೆಟ್ಟಿದೆಯೆಂದು ಅಳಿಸುವವನಿದ್ದೆ, ಅದು ಡ್ರಮ್ ಮಷೀನನ್ನು ಟೇಪಿಗೆ ಕಟ್ಟಿಹಾಕಲು ದಾಖಲಿಸಿದ್ದ ಸಿಂಕ್ ಟೋನು.

ಟೇಪಿನ ಮೇಲೆಯೇ ಒಂದಾದ ಮೇಲೊಂದು ಟ್ರ್ಯಾಕು ಕೂಡಿಸುವ ವಿದ್ಯೆ ಈ ಯಂತ್ರಗಳಿಗಿಂತ ಹಳೆಯದು. ಆಂಪೆಕ್ಸ್ ಕಂಪನಿ 1957ರಲ್ಲಿ ಗಿಟಾರ್ ವಾದಕ ಲೆಸ್ ಪಾಲ್ ಅವರಿಗೆ ಎಂಟು ಟ್ರ್ಯಾಕಿನ ಯಂತ್ರವನ್ನು ಕಟ್ಟಿಕೊಟ್ಟಿತು. ಅಂಥ ದೊಡ್ಡ ಯಂತ್ರಗಳಲ್ಲಿ ಬರೆಯುವ ಹೆಡ್ಡು ಬೇರೆ, ಓದುವ ಹೆಡ್ಡು ಬೇರೆ. ಎರಡರ ನಡುವೆ ಕೆಲವು ಸೆಂಟಿಮೀಟರ್ ಅಂತರವಿರುವುದರಿಂದ, ಓದುವ ಹೆಡ್ಡಿನಿಂದ ಕೇಳುತ್ತ ನುಡಿಸಿದರೆ ಹೊಸ ವಾದ್ಯ ಅಷ್ಟು ಹಿಂದೆ ಬೀಳುತ್ತದೆ. ಸೆಕೆಂಡಿಗೆ 38 ಸೆಂಟಿಮೀಟರ್ ವೇಗದಲ್ಲಿ ನಾಲ್ಕು ಸೆಂಟಿಮೀಟರ್ ಎಂದರೆ ಸೆಕೆಂಡಿನ ಹತ್ತನೆಯ ಒಂದು ಪಾಲು, ತಾಳ ಕೆಡಲು ಧಾರಾಳ ಸಾಕು. ಕೇಳಬೇಕಾದ ಟ್ರ್ಯಾಕುಗಳನ್ನು ಬರೆಯುವ ಹೆಡ್ಡಿನಿಂದಲೇ ಓದಿಸುವುದು ಅದಕ್ಕೆ ಕಂಡುಕೊಂಡ ಪರಿಹಾರ. ನನ್ನ ಕ್ಯಾಸೆಟ್ ಯಂತ್ರದಲ್ಲಿ ಎರಡಕ್ಕೂ ಒಂದೇ ಹೆಡ್ಡು ಇರುವುದರಿಂದ ಈ ತೊಡಕೇ ಹುಟ್ಟುವುದಿಲ್ಲ.

ಅಲೆಸಿಸ್ ಕಂಪನಿಯ ಎಡಾಟ್ ಯಂತ್ರ 1992ರಲ್ಲಿ ಮಾರುಕಟ್ಟೆಗೆ ಬಂದು, ವಿಡಿಯೊ ಕ್ಯಾಸೆಟ್ಟಿನ ಮೇಲೆ ಎಂಟು ಡಿಜಿಟಲ್ ಟ್ರ್ಯಾಕುಗಳನ್ನು ಬರೆಯತೊಡಗಿತು. ಕೆಲವೇ ವರ್ಷಗಳಲ್ಲಿ ಹಾರ್ಡ್‌ಡಿಸ್ಕಿನ ಮೇಲೆ ಬರೆಯುವ ಮೇಜಿನ ಯಂತ್ರಗಳೂ ಬಂದವು. ನಾನು ಕೊಂಡದ್ದು ಈ ಕೊನೆಯ ಬಗೆಯದು. ಸುಯ್ಯೆನ್ನುವ ಸದ್ದು ಮಾಯವಾಯಿತು. ಅದರ ಮರೆಯಲ್ಲಿ ಇಷ್ಟು ದಿನ ಅಡಗಿದ್ದ ಕೋಣೆಯ ಪ್ರತಿಧ್ವನಿ, ಫ್ಯಾನಿನ ಸದ್ದು, ಅಗ್ಗದ ಮೈಕಿನ ಮೂಗುದನಿ ಎಲ್ಲವೂ ಮುಂದೆ ಬಂದು ನಿಂತವು. ನನಗೆ ಬೇಕಾಗಿದ್ದುದು ಇನ್ನೂ ನಾಲ್ಕು ಟ್ರ್ಯಾಕಲ್ಲ, ಒಂದು ಒಳ್ಳೆಯ ಮೈಕು ಮತ್ತು ಅದರ ಹಿಂದೆ ತೂಗುಹಾಕಲು ಒಂದು ದಪ್ಪ ರಜಾಯಿ ಎಂಬುದು ದುಡ್ಡು ಕೈಬಿಟ್ಟ ಮೇಲೆ ತಿಳಿಯಿತು. ಆ ಯಂತ್ರದ ಡಿಸ್ಕು ಒಂದು ದಿನ ಟಕ್ ಟಕ್ ಎಂದು ನಿಂತಿತು. ಅದರೊಳಗಿನ ದಾಖಲೆಗಳು ತಯಾರಕರದೇ ಆದ ಬಗೆಯಲ್ಲಿ ಬರೆದಿದ್ದವಾದ್ದರಿಂದ, ಡಿಸ್ಕನ್ನು ಕಂಪ್ಯೂಟರಿಗೆ ಕಟ್ಟಿ ಏನನ್ನೂ ಹೊರತೆಗೆಯಲಾಗಲಿಲ್ಲ. ಅದಕ್ಕಿಂತ ಹಳೆಯ ಹನ್ನೊಂದು ಕ್ಯಾಸೆಟ್‌ಗಳಿಗೆ ದಾರ, ರಬ್ಬರು ಮತ್ತು ಹತ್ತಿ ಸಾಕಾಯಿತು.

ಕಂಪ್ಯೂಟರಿಗೆ ಇಳಿಸಿದ್ದು

ಸದ್ದನ್ನು ಕಂಪ್ಯೂಟರಿಗೆ ಒಯ್ಯಲು ನನ್ನಲ್ಲಿದ್ದ ಪೆಟ್ಟಿಗೆಗೆ, ಅಂದರೆ ಆಡಿಯೊ ಇಂಟರ್‌ಫೇಸಿಗೆ, ಎರಡೇ ಇನ್‌ಪುಟ್ಟು. ಒಂದು ಎರಡನ್ನು ಮೊದಲು, ಮೂರು ನಾಲ್ಕನ್ನು ಆಮೇಲೆ ಇಳಿಸಿ ಕಂಪ್ಯೂಟರಿನಲ್ಲಿ ಸಾಲಾಗಿ ಕೂರಿಸಿದರಾಯಿತು ಎಂದುಕೊಂಡೆ. ಮೊದಲ ತಾಳಕ್ಕೆ ಎರಡನ್ನೂ ನಿಖರವಾಗಿ ಹೊಂದಿಸಿದೆ; ಒಂದು ನಿಮಿಷದಲ್ಲಿ ಡ್ರಮ್ಮು ಮಂದವಾಯಿತು, ಮೂರು ನಿಮಿಷದಲ್ಲಿ ಗಿಟಾರು ಡ್ರಮ್ಮಿನ ಹಿಂದೆ ಕುಂಟುತ್ತ ಬರುತ್ತಿತ್ತು. ಎರಡು ಓಟಗಳ ವೇಗ ಸಾವಿರಕ್ಕೆ ಒಂದರಷ್ಟು ಬೇರೆಯಾದರೂ 200 ಸೆಕೆಂಡಿನ ಹಾಡಿನ ಕೊನೆಯಲ್ಲಿ ಅಂತರ ಸೆಕೆಂಡಿನ ಐದನೆಯ ಒಂದು ಪಾಲು. ನಿಮಿಷಕ್ಕೆ 120 ಬಡಿತದ ಹಾಡಿನಲ್ಲಿ ಒಂದು ಬಡಿತವೇ ಅರ್ಧ ಸೆಕೆಂಡು. ಸರಿಪಡಿಸಲು ಎರಡು ಸಂಜೆ ತುಂಡರಿಸಿ ಜೋಡಿಸುತ್ತ ಕಳೆದ ಮೇಲೆ, ನಾಲ್ಕು ಲೈನ್ ಇನ್‌ಪುಟ್ಟುಗಳಿರುವ ಇಂಟರ್‌ಫೇಸನ್ನು ಕೊಂಡೆ. ಇಷ್ಟು ವರ್ಷಗಳಲ್ಲಿ ನಾನು ಮಾಡಿದ ಖರ್ಚುಗಳಲ್ಲಿ ಇದೊಂದನ್ನು ಸಮರ್ಥಿಸಿಕೊಳ್ಳಲು ನನಗೆ ಕಷ್ಟವಾಗುವುದಿಲ್ಲ.

ಯಂತ್ರದ ಬೆನ್ನಿನಲ್ಲಿ ನಾಲ್ಕು ಟ್ರ್ಯಾಕುಗಳಿಗೂ ಬೇರೆ ಬೇರೆ ಆರ್‌ಸಿಎ ಔಟ್‌ಪುಟ್ಟುಗಳಿವೆ. ಅವು ಮನೆಬಳಕೆಯ ಮೈನಸ್ 10 ಡಿಬಿವಿ ಮಟ್ಟದವು, ಅಂದರೆ ಸುಮಾರು 0.32 ವೋಲ್ಟ್, ಇಂಟರ್‌ಫೇಸು ನಿರೀಕ್ಷಿಸುವುದು ಸ್ಟುಡಿಯೊ ಮಟ್ಟದ ಪ್ಲಸ್ 4 ಡಿಬಿಯು, ಅಂದರೆ 1.23 ವೋಲ್ಟ್. ಎರಡರ ನಡುವೆ ಸುಮಾರು 12 ಡೆಸಿಬೆಲ್ ಅಂತರ. ಮೀಟರು ಕೆಳಗಿದೆಯೆಂದು ಮೈಕಿನ ಇನ್‌ಪುಟ್ಟಿಗೆ ಚುಚ್ಚಿದರೆ ಸದ್ದು ಸೀಳುತ್ತದೆ. ಲೈನ್ ಇನ್‌ಪುಟ್ಟಿನಲ್ಲೇ ಗೇನನ್ನು ತುಸು ಏರಿಸಿ, ಅತಿ ಜೋರಿನ ಜಾಗವೂ ಪೂರ್ಣಮಟ್ಟಕ್ಕಿಂತ 12 ಡೆಸಿಬೆಲ್ ಕೆಳಗಿರುವಂತೆ ಬಿಟ್ಟು, 24 ಬಿಟ್, 48 ಕಿಲೊಹರ್ಟ್ಜಿನಲ್ಲಿ ಇಳಿಸಿದೆ. 24 ಬಿಟ್ಟಿನಲ್ಲಿ ಟೇಪಿನ ಗದ್ದಲಕ್ಕಿಂತ ಬಹಳ ಕೆಳಗಿನ ತನಕ ಜಾಗವಿರುವುದರಿಂದ ಮೀಟರನ್ನು ಕೆಂಪಿನ ಬಳಿ ಒಯ್ಯುವ ಟೇಪಿನ ಕಾಲದ ಚಪಲವನ್ನು ಬಿಡಬಹುದು. ಲ್ಯಾಪ್‌ಟಾಪಿನ ಚಾರ್ಜರು ಹಾಕಿದೊಡನೆ ಹೊಸದೊಂದು ಗುಂಯ್ ಸದ್ದು ಹುಟ್ಟಿತು. ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ, ಸಾಲದ್ದಕ್ಕೆ ಆಡಿಯೊ ತಂತಿಯ ನಡುವೆ ಐಸೊಲೇಷನ್ ಟ್ರಾನ್ಸ್‌ಫಾರ್ಮರು ಸೇರಿಸಿದ ಮೇಲೆ ಅದು ಹೋಯಿತು. ಪ್ಲಗ್ಗಿನ ಅರ್ಥ್ ಪಿನ್ನನ್ನು ಕಿತ್ತರೂ ಗುಂಯ್ ಹೋಗುತ್ತದೆ. ಆದರೆ ಜೀವ ಕಾಯುವ ಪಿನ್ನು ಅದು, ಕೀಳಬಾರದು.

ಹನ್ನೊಂದೂ ಇಳಿದ ಮೇಲೆ ಯಂತ್ರವನ್ನು ಪೆಟ್ಟಿಗೆಗೆ ಸೇರಿಸಲು ಮನಸ್ಸಾಗಲಿಲ್ಲ. ಕಂಪ್ಯೂಟರಿನಲ್ಲಿ ದಾಖಲಿಸಿದ ಡ್ರಮ್ಮನ್ನು ಟೇಪಿನ ಮೇಲೆ ಒಮ್ಮೆ ಹಾಯಿಸಿ ವಾಪಸು ತರುವ ಆಸೆ ಬಂತು. ಈಗ ಅದೇ 12 ಡೆಸಿಬೆಲ್ ಉಲ್ಟಾ ಅಡ್ಡ ಬಂತು: ಇಂಟರ್‌ಫೇಸಿನ ಔಟ್‌ಪುಟ್ಟು ಯಂತ್ರಕ್ಕೆ ಜೋರಾಯಿತು. ಇದಕ್ಕೆ ಕೊಳ್ಳಬೇಕಾದದ್ದೇನೂ ಇಲ್ಲ. ಸದ್ದಿನ ತಂತಿಗೆ ಸಾಲಾಗಿ 10 ಕಿಲೊಓಮ್, ಅದರಾಚೆ ಸದ್ದಿಗೂ ನೆಲಕ್ಕೂ ನಡುವೆ 3.3 ಕಿಲೊಓಮ್ ರೆಸಿಸ್ಟರುಗಳನ್ನು ಹಾಕಿದರೆ ವೋಲ್ಟೇಜು ಸುಮಾರು ಕಾಲು ಪಾಲಿಗೆ ಇಳಿಯುತ್ತದೆ, ಅದೇ 12 ಡೆಸಿಬೆಲ್. ಇಂಥ ನಾಲ್ಕು ಜೋಡಿಗಳನ್ನು ಸಣ್ಣ ಅಲ್ಯುಮಿನಿಯಮ್ ಡಬ್ಬಿಯೊಳಗೆ ಬೆಸೆದೆ. ಮೊದಲ ಪರೀಕ್ಷೆಯಲ್ಲಿ ಮೂರನೆಯ ದಾರಿ ಮೂಕವಾಗಿತ್ತು. ರೆಸಿಸ್ಟರನ್ನು ಅನುಮಾನಿಸಿ ಬಿಚ್ಚಿದೆ, ಅಳೆದೆ, ಸರಿಯಿತ್ತು. ಜ್ಯಾಕಿಗೆ ಹಾಕಿದ್ದ ಬೆಸುಗೆ ಬೂದುಬಣ್ಣಕ್ಕೆ ತಿರುಗಿತ್ತು, ಅಂದರೆ ಕಾವು ಸಾಲದೆ ಹಿಡಿದಿರಲಿಲ್ಲ. ಮತ್ತೊಮ್ಮೆ ಕಾಯಿಸಿದಾಗ ಹೊಳೆಯುವ ಬೆಸುಗೆ ಕೂತಿತು, ಸದ್ದೂ ಬಂತು.

ಹೊಸ ಹಾಡುವಿಕೆಯನ್ನು ಹಳೆಯ ಟ್ರ್ಯಾಕುಗಳ ಮೇಲೆ ಕೂಡಿಸುವಾಗ ಕಂಪ್ಯೂಟರು ತಡವಾಗಿ ಕೇಳಿಸುತ್ತದೆಂಬ ದೂರಿತ್ತು. 48 ಕಿಲೊಹರ್ಟ್ಜಿನಲ್ಲಿ 256 ಸ್ಯಾಂಪಲ್ಲಿನ ಬಫರು, ಅಂದರೆ ಕಂಪ್ಯೂಟರು ಒಮ್ಮೆಗೆ ಕೂಡಿಟ್ಟುಕೊಳ್ಳುವ ಸದ್ದಿನ ತುಣುಕು, ಎಂದರೆ 5.3 ಮಿಲಿಸೆಕೆಂಡು, ಹೋಗಿ ಬರುವ ದಾರಿ ಎಲ್ಲ ಸೇರಿ ನನ್ನಲ್ಲಿ ಹನ್ನೆರಡರ ಸಮೀಪ. ಗಾಳಿಯಲ್ಲಿ ಸದ್ದು ಒಂದು ಮೀಟರ್ ಸಾಗಲು ಸುಮಾರು ಮೂರು ಮಿಲಿಸೆಕೆಂಡು ಬೇಕು, ಆದ್ದರಿಂದ ಇದು ನಾಲ್ಕು ಮೀಟರ್ ದೂರದ ಸ್ಪೀಕರಿನಿಂದ ಕೇಳಿದಷ್ಟೇ. ಗಿಟಾರಿಗೆ ಇದು ತೊಂದರೆ ಕೊಡಲಿಲ್ಲ. ಹಾಡುವಾಗ ಮಾತ್ರ ನನ್ನ ದನಿ ಹೆಡ್‌ಫೋನಿನಲ್ಲಿ ಟೊಳ್ಳಾಗಿ ಕೇಳಿಸುತ್ತಿತ್ತು, ಏಕೆಂದರೆ ತಲೆಯ ಮೂಳೆಯ ಮೂಲಕ ಅದೇ ದನಿ ತಡವಿಲ್ಲದೆ ಮೊದಲೇ ತಲುಪಿರುತ್ತದೆ. ಇಂಟರ್‌ಫೇಸಿನ ನೇರ ಮಾನಿಟರಿಂಗ್ ಗುಂಡಿಯನ್ನು ಒತ್ತಿ, ಸಾಫ್ಟ್‌ವೇರಿನ ಮೂಲಕ ಬರುವ ದನಿಯನ್ನು ಮುಚ್ಚಿದ ಮೇಲೆ ಸರಿಹೋಯಿತು.

ನಾಲ್ಕನೆಯ ಕ್ಯಾಸೆಟ್ಟಿನ ಒಂದನೆಯ ಟ್ರ್ಯಾಕಿನಲ್ಲಿ ಸುಕ್ಕಾದ ಆ ಎರಡು ಸೆಕೆಂಡಿಗೆ ಮೂರನೆಯ ಚರಣದಿಂದ ಗಿಟಾರಿನ ತುಂಡನ್ನು ತಂದು ತೇಪೆ ಹಾಕಿದ್ದೇನೆ. ಉಳಿದಿರುವ ಕೆಲಸ ಒಂದೇ. ಟೇಪು ಎಷ್ಟು ಓಡಿತೆಂದು ತೋರಿಸುವ ಮೂರಂಕಿಯ ಕೌಂಟರಿಗೆ ಹೊಲಿಗೆಯ ದಾರದಷ್ಟು ಸಣ್ಣದಾದ ಇನ್ನೊಂದು ಬೆಲ್ಟು ಬೇಕು, ತರಿಸಿದ್ದು ಎರಡು ಸಲವೂ ದಪ್ಪವಾಯಿತು. ಅದು ಸಿಗುವ ತನಕ ಕೌಂಟರು 000ದಲ್ಲಿ ನಿಂತಿರುತ್ತದೆ, ನಾನು ಗಡಿಯಾರ ನೋಡಿ ನಿಮಿಷ ಬರೆದುಕೊಳ್ಳುತ್ತೇನೆ.